ಮನೆ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸೋ ಮುಂಚೆ: ಅಕ್ಕನ ಮಷೀನು ನನಗೆ ಕಲಿಸಿದ್ದು

ಈ ವಾರದ ಮಾತು ರ‍್ಯಾಮ್ ಬಗ್ಗೆ. ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಹಾಕಿದ್ದೀನಿ. ಕಂಪನಿ ಬಸ್ಸಲ್ಲಿ, ಮೆಟ್ರೋದಲ್ಲಿ ಓದೋರಿಗೆ ಅನುಕೂಲ ಆಗ್ಲಿ ಅಂತ.

ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಪುಣೆಯಲ್ಲೋ ಹೈದರಾಬಾದಲ್ಲೋ ಚೆನ್ನೈಲೋ ಕೂತು ನಾವು ಕೋಡ್ ಬರೀತೀವಿ, ಸರ್ವರ್ ನೋಡ್ಕೋತೀವಿ. ಊರಲ್ಲಿರೋರಿಗೆ ಅದೆಲ್ಲಾ ಒಂದೇ: ಕಂಪ್ಯೂಟರ್ ಕೆಲಸ. ಪ್ರಿಂಟರ್ ಓಡದಿದ್ರೂ ಫೋನ್ ನಮಗೇ ಬರುತ್ತೆ. ನಾವೂ ಗೊತ್ತಿಲ್ಲ ಅನ್ನೋಕೆ ನಾಚಿಕೆ ಪಟ್ಟು ಏನೋ ಒಂದು ಹೇಳಿಬಿಡ್ತೀವಿ.

ನಮ್ಮಕ್ಕ ಬ್ಯಾಡಗಿಯಲ್ಲಿದ್ದಾಳೆ. ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಂಪ್ಯೂಟರ್ ಇಟ್ಕೊಂಡು ಡಿಟಿಪಿ, ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬೋ ಕೆಲಸ ಮಾಡ್ತಾಳೆ. ಕಳೆದ ವರ್ಷ ಜೂನಲ್ಲಿ, ಕಾಲೇಜು ಅಡ್ಮಿಷನ್ ಗದ್ದಲದ ನಡುವೆ ಫೋನ್ ಬಂತು.

"ತಮ್ಮಾ, ಈ ಕಂಪ್ಯೂಟರ್ ಭಾಳ ಸ್ಲೋ ಆಗೇತಿ. ಫಾರ್ಮ್ ತುಂಬ್ಕೋತ ಹೋದ್ರ ಅರ್ಧಕ್ಕ ಸೆಷನ್ ಔಟ್ ಅಂತೈತಿ. ಹುಡುಗ್ರು ಹೊರಗ ಪಾಳಿ ಹಚ್ಚಿ ನಿಂತಾರ."

ನಾನು ಏನೂ ನೋಡದೆ "ರ‍್ಯಾಮ್ ಸಾಲ್ತಿಲ್ಲ ಅಕ್ಕ, ನಾನು ಕಳಿಸ್ತೀನಿ" ಅಂದೆ. ನನ್ನ ಮಷೀನಿಗೆ ಹಿಂದೆ ತರಿಸಿದ್ದ 8 ಜಿಬಿ ಕಡ್ಡಿಯನ್ನೇ ಮತ್ತೊಂದು ಆರ್ಡರ್ ಮಾಡಿ ಅವಳ ವಿಳಾಸ ಕೊಟ್ಟೆ. ನಾಲ್ಕನೇ ದಿನ ಮತ್ತೆ ಫೋನ್.

"ಇದು ಖಾಂಚಿನ್ಯಾಗ ಕುಂದ್ರವಲ್ದು. ಹಳೇದು ತಿರುಗಿ ಹಾಕಿದ್ರ ಈಗ ಚಾಲೂನ ಆಗವಲ್ದು. ಬರೇ ಕುಂಯ್ ಕುಂಯ್ ಅಂತೈತಿ. ನೀ ಐಟಿ ಒಳಗ ಅದೀ ಅಂತ ಊರ ತುಂಬ ಹೇಳೇನಿ. ಹೊರಗ ನಿಂತ ಹುಡುಗ್ರಿಗೆ ಈಗ ಏನ್ ಹೇಳ್ಲಿ?"

ಎರಡು ದಿನ ಅವಳ ಕೆಲಸ ನಿಂತಿತ್ತು. ಒಬ್ಬ ಹುಡುಗನ ಅರ್ಜಿಗೆ ಅವತ್ತೇ ಕೊನೆ ದಿನ. ಅವನನ್ನ ಕರ್ಕೊಂಡು ಇನ್ನೊಂದು ಓಣಿಯ ಅಂಗಡಿಗೆ ಹೋಗಿ, ತಾನೇ ಕೂತು ಅರ್ಜಿ ತುಂಬಿಸಿ ಬಂದಳಂತೆ. ಆ ಅಂಗಡಿಯವರು ಅವಳ ವ್ಯಾಪಾರಕ್ಕೆ ಎದುರಾಳಿ. ಅದನ್ನ ಹೇಳುವಾಗ ಅವಳು ಬೈಯಲಿಲ್ಲ. ಬೈದಿದ್ರೆ ಸಮಾಧಾನ ಆಗ್ತಿತ್ತು.

ಆಮೇಲೆ ಕೂತು ಸರಿಯಾಗಿ ತಿಳ್ಕೊಂಡೆ. ಅದನ್ನೇ ಇವತ್ತು ಹೇಳೋದು. ಊರಿನ ಮಷೀನೇ ಇರಲಿ, ನಿಮ್ಮ ವರ್ಕ್ ಫ್ರಮ್ ಹೋಮ್ ಡೆಸ್ಕ್‌ಟಾಪೇ ಇರಲಿ, ಕ್ರಮ ಒಂದೇ.

ಮೊದಲ ಪ್ರಶ್ನೆ: ತೊಂದರೆ ರ‍್ಯಾಮ್‌ದೇನಾ?

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆಗೆಯುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಪುಟ, ಅಲ್ಲಿ ಮೆಮೊರಿ. ಮಷೀನು ಸುಮ್ಮನಿದ್ದಾಗ ನೋಡಿದ್ರೆ ಪ್ರಯೋಜನ ಇಲ್ಲ. ದಿನಾ ಏನೇನು ತೆಗೆದು ಕೆಲಸ ಮಾಡ್ತೀರೋ ಅಷ್ಟೂ ತೆಗೆದು, ನಿಧಾನ ಆಗಿದೆ ಅನ್ನಿಸೋ ಹೊತ್ತಲ್ಲೇ ನೋಡಿ.

ಮೂರು ಅಂಕಿ ಮುಖ್ಯ. ‘ಇನ್ ಯೂಸ್’ ಅಂದ್ರೆ ಈಗ ಬಳಕೆಯಲ್ಲಿರೋದು. ‘ಅವೈಲಬಲ್’ ಅಂದ್ರೆ ಕೇಳಿದ ಕೂಡಲೇ ಸಿಗೋದು. ‘ಕಮಿಟೆಡ್’ ಅನ್ನೋದು ವಿಂಡೋಸ್ ಎಲ್ಲ ಪ್ರೋಗ್ರಾಂಗಳಿಗೂ ಸೇರಿ ಕೊಡ್ತೀನಿ ಅಂತ ಒಪ್ಪಿಕೊಂಡಿರೋ ಮೊತ್ತ. ಈ ಕಮಿಟೆಡ್‌ನ ಮೊದಲ ಅಂಕಿ ನಿಮ್ಮ ರ‍್ಯಾಮ್‌ಗಿಂತ ಸದಾ ಜಾಸ್ತಿ ಇದ್ದು, ಅವೈಲಬಲ್ ಕೆಲವೇ ನೂರು ಎಂಬಿಗೆ ಇಳಿದಿದ್ರೆ, ಮಷೀನು ರ‍್ಯಾಮ್‌ನಲ್ಲಿ ಜಾಗ ಇಲ್ಲದೆ ಡಿಸ್ಕ್ ಕಡೆಗೆ ಓಡಾಡ್ತಿದೆ ಅಂತ ತಿಳ್ಕೊಳ್ಳಿ. ‘ಕ್ಯಾಶ್ಡ್’ ಅಂತ ಇನ್ನೊಂದು ಅಂಕಿ ಇರುತ್ತೆ, ಅದು ಎಷ್ಟೇ ಇದ್ದರೂ ಚಿಂತೆ ಬೇಡ. ಖಾಲಿ ಜಾಗವನ್ನ ವಿಂಡೋಸ್ ತಾನೇ ಉಪಯೋಗಿಸ್ಕೊಂಡಿರುತ್ತೆ, ಬೇಕಾದಾಗ ಬಿಟ್ಟುಕೊಡುತ್ತೆ.

ಡಿಸ್ಕ್‌ಗೆ ಓಡೋದು ಎಷ್ಟು ದುಬಾರಿ ಅಂತ ಒಂದು ಲೆಕ್ಕ ನೋಡಿ. ರ‍್ಯಾಮ್‌ನಿಂದ ಒಂದು ಮಾಹಿತಿ ತರೋಕೆ ಸುಮಾರು 100 ನ್ಯಾನೋಸೆಕೆಂಡ್. ತಿರುಗೋ ಹಾರ್ಡ್ ಡಿಸ್ಕ್‌ನಿಂದ ತರೋಕೆ ಸುಮಾರು 10 ಮಿಲಿಸೆಕೆಂಡ್. ಅಂದ್ರೆ 1 ಲಕ್ಷ ಪಟ್ಟು. ಅಡುಗೆಮನೆ ಕಟ್ಟೆ ಮೇಲಿನ ಡಬ್ಬಿಯಿಂದ ಮೆಣಸಿನಕಾಯಿ ತೆಗೆಯೋಕೆ 1 ಸೆಕೆಂಡ್ ಆಗುತ್ತೆ ಅಂದ್ಕೊಳ್ಳಿ. ಅದೇ ಲೆಕ್ಕದಲ್ಲಿ ಹಾರ್ಡ್ ಡಿಸ್ಕ್‌ನಿಂದ ತರೋಕೆ 27 ಗಂಟೆ ಮೇಲೆ. ಪುಣೆಯಿಂದ ಬ್ಯಾಡಗಿ ಮಾರ್ಕೆಟ್ಟಿಗೇ ಹೋಗಿ ಮೆಣಸಿನಕಾಯಿ ತಂದಂಗೆ. ಎಸ್‌ಎಸ್‌ಡಿ ಇದ್ರೆ 1,000 ಪಟ್ಟು ಅಂತ ಇಟ್ಕೊಳ್ಳಿ, 17 ನಿಮಿಷ. ಓಣಿ ತುದಿಯ ಕಿರಾಣಿ ಅಂಗಡಿಗೆ ಹೋಗಿ ಬಂದಂಗೆ.

ಅದಕ್ಕೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸಾಲನ್ನೂ ನೋಡಿ. ಮೆಮೊರಿ ಅರ್ಧ ಖಾಲಿ ಇದ್ದೂ ಡಿಸ್ಕ್ ಮಾತ್ರ ನೂರಕ್ಕೆ ನೂರು ಅಂತಿದ್ರೆ, ನಿಮಗೆ ಬೇಕಿರೋದು ಎಸ್‌ಎಸ್‌ಡಿ. ರ‍್ಯಾಮ್‌ಗೆ ಹಾಕಿದ ದುಡ್ಡು ಅಲ್ಲಿ ದಂಡ. ಎರಡೂ ತುಂಬಿದ್ರೆ ಎರಡೂ ಬೇಕು. ಅಕ್ಕನ ಮಷೀನಲ್ಲಿ 4 ಜಿಬಿಯಲ್ಲಿ ಶೇ 93 ತುಂಬಿತ್ತು, ಡಿಸ್ಕ್ ಶೇ 100. ಕೋರೆಲ್‌ಡ್ರಾ, ನುಡಿ, ಕ್ರೋಮ್‌ನಲ್ಲಿ ಎಂಟು ಹತ್ತು ಟ್ಯಾಬ್, ಜೊತೆಗೆ ಸ್ಕ್ಯಾನರ್. ಸ್ಕ್ಯಾನ್ ಮಾಡಿ ಬ್ರೌಸರ್‌ಗೆ ವಾಪಸ್ ಬರೋದರೊಳಗೆ ಸೈಟು ಅವಳನ್ನ ಹೊರಗೆ ಹಾಕಿರ್ತಿತ್ತು.

ಎರಡನೇ ಪ್ರಶ್ನೆ: ನಿಮ್ಮ ಬೋರ್ಡ್ ಯಾವ ತಲೆಮಾರಿನದು?

ನಾನು ಎಡವಿದ್ದು ಇಲ್ಲೇ. ನನ್ನದು ಡಿಡಿಆರ್4, ಅವಳದು ಡಿಡಿಆರ್3. ಒಂದರ ಜಾಗದಲ್ಲಿ ಇನ್ನೊಂದು ಕೂರೋದೇ ಇಲ್ಲ. ಡಿಡಿಆರ್3 ಬಂದದ್ದು 2007ರ ಹೊತ್ತಿಗೆ, ಡಿಡಿಆರ್4 ಮನೆ ಕಂಪ್ಯೂಟರ್‌ಗೆ ಬಂದದ್ದು 2014ರಲ್ಲಿ, ಡಿಡಿಆರ್5 2021ರ ಕೊನೆಯಲ್ಲಿ. ಡೆಸ್ಕ್‌ಟಾಪ್ ಕಡ್ಡಿಯಲ್ಲಿ ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4 ಮತ್ತು 5ಕ್ಕೆ 288 ಪಿನ್. 4 ಮತ್ತು 5ರ ಪಿನ್ ಲೆಕ್ಕ ಒಂದೇ ಆದ್ರೂ ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ. ಓಡೋ ವೋಲ್ಟೇಜೂ ಬೇರೆ: ಡಿಡಿಆರ್3ಕ್ಕೆ 1.5, ಅದರ ‘ಎಲ್’ ಮಾದರಿಗೆ 1.35, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ತಪ್ಪಾದದ್ದು ಒಳಗೆ ಹೋಗದೇ ಇರಲಿ ಅಂತಲೇ ಆ ಕಚ್ಚು ಇಟ್ಟಿರೋದು. ಕೂರ್ತಿಲ್ಲ ಅಂದ್ರೆ ಜೋರು ಮಾಡಬೇಡಿ. ಬೋರ್ಡೇ ಹೋಗುತ್ತೆ.

ಅಂದಾಜಿಗೆ ಹೇಳೋದಾದ್ರೆ, ಇಂಟೆಲ್ 4ನೇ ತಲೆಮಾರಿನವರೆಗಿನ ಐ3, ಐ5 ಡೆಸ್ಕ್‌ಟಾಪ್‌ಗಳು ಡಿಡಿಆರ್3. 8ರಿಂದ 11ರವರೆಗೆ ಡಿಡಿಆರ್4. 12ರಿಂದ 14ರವರೆಗೆ ಬೋರ್ಡ್ ನೋಡದೆ ಹೇಳೋಕೆ ಆಗಲ್ಲ, ಕೆಲವು ಡಿಡಿಆರ್4, ಕೆಲವು ಡಿಡಿಆರ್5. ಎಎಂಡಿಯಲ್ಲಿ ಎಎಂ4 ಸಾಕೆಟ್ ಆದ್ರೆ ಡಿಡಿಆರ್4, ಎಎಂ5 ಆದ್ರೆ ಡಿಡಿಆರ್5 ಮಾತ್ರ.

ಅಂದಾಜಿನ ಮೇಲೆ ಆರ್ಡರ್ ಮಾಡಬೇಡಿ. ಸಿಪಿಯು-ಝಡ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರ ಮೈನ್‌ಬೋರ್ಡ್ ಪುಟದಲ್ಲಿ ಬೋರ್ಡಿನ ಹೆಸರು, ಮೆಮೊರಿ ಪುಟದಲ್ಲಿ ತಲೆಮಾರು, ಎಸ್‌ಪಿಡಿ ಪುಟದಲ್ಲಿ ಒಂದೊಂದು ಖಾನೆಯಲ್ಲಿ ಏನಿದೆ ಅನ್ನೋದು ಬರುತ್ತೆ. ಅಲ್ಲಿ 1600ರ ಕಡ್ಡಿಗೆ 800 ಅಂತ ತೋರಿಸಿದ್ರೆ ಗಾಬರಿ ಆಗಬೇಡಿ. ಡಿಡಿಆರ್ ಅಂದ್ರೆ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಕಳಿಸೋದು, ಅದು ಬಡಿತದ ಲೆಕ್ಕ ಮಾತ್ರ ಹೇಳ್ತಿರುತ್ತೆ. ಬೋರ್ಡ್ ಹೆಸರು ಸಿಕ್ಕಮೇಲೆ ತಯಾರಕರ ಪುಟಕ್ಕೆ ಹೋಗಿ ಎರಡು ವಿಷಯ ಓದಿ: ಒಟ್ಟು ಎಷ್ಟು ಜಿಬಿವರೆಗೆ ಹಾಕಬಹುದು, ಎಷ್ಟು ಖಾನೆ ಇವೆ. ಅಕ್ಕನದು ಎಚ್81 ಚಿಪ್‌ಸೆಟ್. ಎರಡೇ ಖಾನೆ, ಹೆಚ್ಚೆಂದರೆ 16 ಜಿಬಿ.

ಇದೇ ಹೊತ್ತಲ್ಲಿ ವಿಂಡೋಸ್ 64 ಬಿಟ್ ಇದೆಯಾ ಅಂತಲೂ ನೋಡಿ. 32 ಬಿಟ್ ವಿಂಡೋಸ್ 10 ಆದ್ರೆ 4 ಜಿಬಿ ಮೇಲೆ ಎಷ್ಟು ಹಾಕಿದ್ರೂ ಅದರ ಕಣ್ಣಿಗೆ ಬೀಳಲ್ಲ. ಹಳೇ ಮಷೀನುಗಳಲ್ಲಿ ಈ ಕಥೆ ಇವತ್ತೂ ಸಿಗುತ್ತೆ.

ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ಮಾತು. ಲ್ಯಾಪ್‌ಟಾಪ್ ಕಡ್ಡಿಗೆ ಸೋಡಿಮ್ ಅಂತಾರೆ, ಡೆಸ್ಕ್‌ಟಾಪ್ ಕಡ್ಡಿಯ ಅರ್ಧದಷ್ಟೇ ಉದ್ದ. ತೆಳ್ಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಬದಲಾಯಿಸೋ ಮಾತೇ ಇಲ್ಲ. ಸಣ್ಣ ಡಬ್ಬಿಯಂಥ ಮಿನಿ ಪಿಸಿ, ಆಲ್-ಇನ್-ಒನ್‌ಗಳಲ್ಲೂ ಹೆಚ್ಚಾಗಿ ಸೋಡಿಮ್ಮೇ ಇರುತ್ತೆ.

ಮೂರನೇ ಪ್ರಶ್ನೆ: ಎಷ್ಟು ಜಿಬಿ, ಎಷ್ಟು ಕಡ್ಡಿ?

ನನ್ನ ಲೆಕ್ಕ ಹೀಗಿದೆ. ಬ್ರೌಸರ್, ಆಫೀಸ್, ಮಕ್ಕಳ ಕ್ಲಾಸು ಇಷ್ಟೇ ಆದ್ರೆ 8 ಜಿಬಿ ನಡೆಯುತ್ತೆ. ಟೀಮ್ಸ್, ಔಟ್‌ಲುಕ್, ಇಪ್ಪತ್ತು ಮೂವತ್ತು ಟ್ಯಾಬ್, ಒಂದು ಐಡಿಇ ಆದ್ರೆ 16. ಡಾಕರ್, ವರ್ಚುವಲ್ ಮಷೀನ್, ಆಂಡ್ರಾಯ್ಡ್ ಎಮ್ಯುಲೇಟರ್, ವಿಡಿಯೋ ಎಡಿಟಿಂಗ್ ಇದ್ರೆ 32. ಅದರ ಮೇಲೆ ಬೇಕಿದ್ದವರಿಗೆ ಯಾಕೆ ಬೇಕು ಅಂತ ತಮಗೇ ಗೊತ್ತಿರುತ್ತೆ. ಬಿಡುವಾಗಿರೋ ರ‍್ಯಾಮ್ ಹೆಚ್ಚಾದಷ್ಟೂ ವೇಗ ಹೆಚ್ಚಾಗ್ತಾ ಹೋಗಲ್ಲ. 12 ಜಿಬಿಯಲ್ಲಿ ಮುಗಿಯೋ ಕೆಲಸಕ್ಕೆ 16 ಇದ್ರೂ ಒಂದೇ, 64 ಇದ್ರೂ ಒಂದೇ.

ಕಡ್ಡಿ ಒಂದಿದ್ರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಒಂದೇ ದಾರಿ. ಎರಡಿದ್ರೆ ಎರಡು ದಾರಿ, ಇದನ್ನೇ ಡ್ಯುಯಲ್ ಚಾನೆಲ್ ಅನ್ನೋದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಿಗೆ ಇದರ ಲಾಭ ಜಾಸ್ತಿ, ಯಾಕಂದ್ರೆ ಆ ಗ್ರಾಫಿಕ್ಸೂ ಇದೇ ರ‍್ಯಾಮ್‌ನಲ್ಲಿ ಪಾಲು ತಗೊಳ್ಳುತ್ತೆ. ಹೊಸದಾಗಿ ಕಟ್ಟಿಸೋದಾದ್ರೆ 16ರ ಒಂದು ಕಡ್ಡಿಗಿಂತ 8ರ ಎರಡು ಒಳ್ಳೇದು. ನಾಲ್ಕು ಖಾನೆ ಇರೋ ಬೋರ್ಡ್‌ನಲ್ಲಿ ಎರಡೇ ಕಡ್ಡಿ ಹಾಕೋದಾದ್ರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ 2ನೇ ಮತ್ತು 4ನೇ ಖಾನೆ. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತೆ.

ಹಳೇ 4ರ ಜೊತೆ ಹೊಸ 8 ಹಾಕಬಹುದಾ? ತಲೆಮಾರು ಒಂದೇ ಆಗಿದ್ರೆ ಬಹುಮಟ್ಟಿಗೆ ನಡೆಯುತ್ತೆ. ಎರಡೂ ಸೇರಿ ನಿಧಾನದ ಕಡ್ಡಿಯ ವೇಗದಲ್ಲಿ ಓಡ್ತವೆ. ಇಂಟೆಲ್ ಬೋರ್ಡ್‌ಗಳಲ್ಲಿ 4 ಮತ್ತು 4 ಜೋಡಿಯಾಗಿ ಎರಡು ದಾರಿಯಲ್ಲಿ, ಉಳಿದ 4 ಒಂಟಿ ದಾರಿಯಲ್ಲಿ. ಡಿಸ್ಕ್‌ಗೆ ಓಡೋದು ತಪ್ಪುತ್ತಲ್ಲ, ಅದೇ ದೊಡ್ಡ ಲಾಭ. ಆದ್ರೆ ಡಿಡಿಆರ್5 ಆದ್ರೆ ಬೇರೆ ಬೇರೆ ಕಡ್ಡಿ ಬೆರೆಸೋ ಸಾಹಸ ಬೇಡ, ಒಂದೇ ಪ್ಯಾಕಿನ ಜೋಡಿ ತಗೊಳ್ಳಿ.

ನಾಲ್ಕನೇ ಪ್ರಶ್ನೆ: ಮೆಗಾಹರ್ಟ್ಸ್ ಜಾಹೀರಾತಿಗೆ ಎಷ್ಟು ಬೆಲೆ ಕೊಡಬೇಕು?

ಅಂಗಡಿಯಲ್ಲಿ ಮೊದಲು ಹೇಳೋದು 3200, 3600, 6000 ಅನ್ನೋ ಅಂಕಿ. ಅದರ ಪಕ್ಕ ಸಿಎಲ್ ಅಂತ ಚಿಕ್ಕದಾಗಿ ಇನ್ನೊಂದು ಅಂಕಿ ಇರುತ್ತೆ. ಕೇಳಿದಮೇಲೆ ಮೊದಲ ಮಾಹಿತಿ ಬರೋಕೆ ಎಷ್ಟು ಬಡಿತ ಕಾಯಬೇಕು ಅಂತ ಅದರ ಅರ್ಥ. ಸಿಎಲ್ ಅನ್ನು 2,000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿ. ನ್ಯಾನೋಸೆಕೆಂಡ್ ಸಿಗುತ್ತೆ. ಡಿಡಿಆರ್3 1600, ಸಿಎಲ್ 11: 13.75. ಡಿಡಿಆರ್4 3200, ಸಿಎಲ್ 22: ಅದೂ 13.75. ಡಿಡಿಆರ್4 3200, ಸಿಎಲ್ 16: 10. ಡಿಡಿಆರ್5 6000, ಸಿಎಲ್ 30: ಅದೂ 10. ಕಾಯೋ ಹೊತ್ತು ಇಷ್ಟು ವರ್ಷಗಳಲ್ಲಿ ಹೆಚ್ಚೇನೂ ಕಮ್ಮಿ ಆಗಿಲ್ಲ. ಹೆಚ್ಚಾಗಿರೋದು ಒಮ್ಮೆಗೆ ಹೊತ್ತು ತರೋ ಮೂಟೆ.

ಇನ್ನೊಂದು: ಡಬ್ಬಿ ಮೇಲಿನ ವೇಗ ತಾನಾಗೇ ಬರಲ್ಲ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ, ಎಎಂಡಿ ಡಿಡಿಆರ್5 ಆದ್ರೆ ಎಕ್ಸ್‌ಪೋ, ಅನ್ನೋದನ್ನ ಆನ್ ಮಾಡಬೇಕು. ಬೋರ್ಡ್‌ಗೂ ಪ್ರೊಸೆಸರ್‌ಗೂ ಆ ವೇಗ ಒಪ್ಪಿತವಾಗಿರಬೇಕು. ಹಳೇ ಎಚ್ ಸರಣಿಯ ಬೋರ್ಡ್‌ನಲ್ಲಿ 2666ಕ್ಕೇ ನಿಂತುಹೋಗೋ ಮಷೀನಿಗೆ 3600ರ ಕಡ್ಡಿ ಹಾಕಿದ್ರೂ ಅದು 2666ಕ್ಕೇ ಓಡೋದು. ದಿನದ ಕೆಲಸಕ್ಕೆ ಜಿಬಿ ಮೊದಲು, ಕಡ್ಡಿಯ ಜೋಡಿ ಎರಡನೇದು, ವೇಗ ಮೂರನೇದು. ಬಣ್ಣದ ದೀಪ ಕೊನೇದು.

ಐದನೇ ಪ್ರಶ್ನೆ: ಎಲ್ಲಿ, ಹೇಗೆ ಕೊಳ್ಳೋದು?

ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರೂ ಪ್ಲೇಸ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಸಿಟಿಸಿ. ನಮ್ಮ ಎಸ್‌ಪಿ ರೋಡಿನ ಅಣ್ಣತಮ್ಮಂದಿರು. ಹಳೇ ಕಡ್ಡಿ ಬಿಚ್ಚಿ ಜೇಬಲ್ಲಿ ಇಟ್ಕೊಂಡು ಹೋಗಿ ಅಥವಾ ಅದರ ಮೇಲಿನ ಚೀಟಿಯ ಫೋಟೋ ತಗೊಂಡು ಹೋಗಿ. ಅದೊಂದು ಫೋಟೋ ನಾನು ಅಕ್ಕನಿಂದ ತರಿಸ್ಕೊಂಡಿದ್ರೆ ಈ ಬರಹವೇ ಇರ್ತಿರಲಿಲ್ಲ.

ಡಿಡಿಆರ್3 ಹುಡುಕೋರು ಎರಡು ಬಲೆಗೆ ಬೀಳಬೇಡಿ. ಆನ್‌ಲೈನಲ್ಲಿ ತುಂಬಾ ಅಗ್ಗಕ್ಕೆ 8 ಜಿಬಿ ಕಡ್ಡಿ ಕಾಣುತ್ತೆ, ಕೆಳಗೆ ಸಣ್ಣ ಅಕ್ಷರದಲ್ಲಿ ಎಎಂಡಿಗೆ ಮಾತ್ರ ಅಂತ ಬರೆದಿರುತ್ತೆ. ಅದು ಇಂಟೆಲ್ ಬೋರ್ಡ್‌ನಲ್ಲಿ ಎದ್ದೇಳಲ್ಲ. ಇನ್ನೊಂದು, ಸರ್ವರ್‌ನಿಂದ ಬಿಚ್ಚಿದ ರಿಜಿಸ್ಟರ್ಡ್ ಇಸಿಸಿ ಕಡ್ಡಿ. ಅದೂ ಅಗ್ಗ, ಅದೂ ಮನೆ ಬೋರ್ಡ್‌ಗೆ ಬರಲ್ಲ. ಜಿಎಸ್‌ಟಿ ಬಿಲ್ ಇಲ್ಲದೆ ತಗೋಬೇಡಿ, ವಾರಂಟಿ ಕೇಳೋಕೆ ಹೋದಾಗ ಅದೇ ಆಧಾರ. ವಾಪಸ್ ತಗೊಳ್ಳೋ ನಿಯಮ ಮೊದಲೇ ಓದಿ. ನಾನು ಕಳಿಸಿದ ತಪ್ಪು ಕಡ್ಡಿಯ ಪ್ಯಾಕ್ ಒಡೆದಿತ್ತು ಅಂತ ಮಾರಿದವರು ವಾಪಸ್ ತಗೊಳ್ಳಲಿಲ್ಲ.

ಬೆಲೆ ಬಗ್ಗೆ ಒಂದು ಮಾತು. 2025ರ ಕೊನೆಯಿಂದ ರ‍್ಯಾಮ್ ದರ ಜೋರಾಗಿ ಏರಿದೆ. ಜಗತ್ತಿನ ಡಿರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಕಡೆಗೆ ಅವರ ಗಮನ ತಿರುಗಿದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸೋದಾಗಿ ಹೇಳಿತು. ಹಾಗಾಗಿ ‘ಮುಂದೆ ಬೇಕಾಗಬಹುದು’ ಅಂತ ಈಗ ಜಾಸ್ತಿ ತುಂಬಿಸೋದು ಬುದ್ಧಿವಂತಿಕೆ ಅಲ್ಲ. ಮನೆಯ ಹಳೇ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಲ್ಲಿ ಹೊಂದೋ ಕಡ್ಡಿ ಬಿದ್ದಿದೆಯಾ ಮೊದಲು ನೋಡಿ.

ಹಳೇ ಮಷೀನಿಗೆ ದುಡ್ಡು ಹಾಕೋ ಮುಂಚೆ ವಿಂಡೋಸ್ ಲೆಕ್ಕವನ್ನೂ ಹಾಕಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಣಿ ಮಾಡಿಕೊಂಡ ಮನೆ ಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಅಧಿಕೃತವಾಗಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲೆ. ಅದಕ್ಕಿಂತ ಹಳೇದಾದ್ರೆ ಸಣ್ಣ ಮೊತ್ತದಲ್ಲಿ ಮುಗಿಯೋ ಅಪ್‌ಗ್ರೇಡ್ ಮಾತ್ರ ಮಾಡಿ, ಅಥವಾ ಲಿನಕ್ಸ್‌ಗೆ ಹೋಗೋ ಮನಸ್ಸಿರಲಿ.

ಕೂರಿಸೋದು ಹೇಗೆ

ಕರೆಂಟ್ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿಬಿಡಿ. ಕ್ಯಾಬಿನೆಟ್‌ನ ಬರೀ ಲೋಹದ ಭಾಗ ಮುಟ್ಟಿ, ಮೈಯಲ್ಲಿರೋ ಸ್ಥಾಯೀ ವಿದ್ಯುತ್ ಇಳಿಯುತ್ತೆ. ಕಡ್ಡಿಯನ್ನ ಅಂಚಿನಲ್ಲಿ ಹಿಡೀರಿ, ಹೊಂಬಣ್ಣದ ಪಿನ್ ಮುಟ್ಟಬೇಡಿ. ಕಚ್ಚು ಹೊಂದಿಸಿ, ಎರಡೂ ತುದಿಯನ್ನ ಸಮನಾಗಿ ಒತ್ತಿ. ಕ್ಲಿಪ್ ಟಕ್ ಅಂತ ತಾನೇ ಮುಚ್ಚಿಕೊಳ್ಳಬೇಕು.

ಅಕ್ಕನ ಮಷೀನು ಕುಂಯ್ ಅಂದದ್ದು ಇದಕ್ಕೇ. ಹೊಸದು ಕೂರಲಿಲ್ಲ ಅಂತ ಹಳೇದನ್ನ ತಿರುಗಿ ಹಾಕಿದ್ಲಲ್ಲ, ಒಂದು ತುದಿ ಪೂರ್ತಿ ಇಳಿದಿರಲಿಲ್ಲ. ರ‍್ಯಾಮ್ ಸಿಗದಿದ್ರೆ ಬೋರ್ಡ್ ಹಾಗೆ ಕೂಗುತ್ತೆ. ವಿಡಿಯೋ ಕಾಲ್‌ನಲ್ಲಿ ಭಾವ ಟಾರ್ಚ್ ಹಿಡಿದ್ರು, ಅಕ್ಕ ಕಡ್ಡಿ ಬಿಚ್ಚಿ, ಪಿನ್ನುಗಳ ಮೇಲೆ ಪೆನ್ಸಿಲ್ ರಬ್ಬರ್ ಹಗುರಕ್ಕೆ ಆಡಿಸಿ, ಪುಡಿ ಒರೆಸಿ ಮತ್ತೆ ಒತ್ತಿದಳು. ಟಕ್ ಅಂತು. ಅಷ್ಟಕ್ಕೆ ಎರಡು ದಿನ ಹೋಗಿತ್ತು.

ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಜಿಬಿ ಸರಿ ತೋರಿಸ್ತಿದೆಯಾ ನೋಡಿ. ಆ ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಇಲ್ಲವೇ ಮೆಮ್‌ಟೆಸ್ಟ್86 ಓಡಿಸಿ ಬಿಡಿ. ಒಂದೇ ಒಂದು ದೋಷ ಬಂದ್ರೂ ಆ ಕಡ್ಡಿ ವಾಪಸ್. ಕೆಟ್ಟ ರ‍್ಯಾಮ್ ಸುಮ್ಮನೆ ಕೆಡಲ್ಲ, ಫೈಲುಗಳನ್ನೂ ಕೆಡಿಸುತ್ತೆ.

ಕೊನೆಗೆ ಅಕ್ಕನಿಗೆ ಕಳಿಸಿದ್ದು ಇಂಟೆಲ್‌ಗೆ ಆಗೋ ಡಿಡಿಆರ್3 1600ರ 8 ಜಿಬಿ ಕಡ್ಡಿ ಒಂದು, 240 ಜಿಬಿ ಎಸ್‌ಎಸ್‌ಡಿ ಒಂದು. ಹಳೇ 4 ಅಲ್ಲೇ ಉಳೀತು. ಒಟ್ಟು 12ರಲ್ಲಿ ಅವಳ ಪೂರ್ತಿ ಕೆಲಸಕ್ಕೆ ಈಗ ಆರೂವರೆ ಏಳು ಬಳಕೆ ಆಗುತ್ತೆ. ಸೆಷನ್ ಔಟ್ ಆಗೋ ಗೋಳು ನಿಂತಿದೆ. ತಪ್ಪಾಗಿ ತರಿಸಿದ ಡಿಡಿಆರ್4 ಕಡ್ಡಿ ನನ್ನ ಮಷೀನಿಗೇ ಬಂತು, 8 ಇದ್ದದ್ದು 16 ಆಯ್ತು. ತಮ್ಮನ ಮಷೀನು ನನ್ನ ದೆಸೆಯಿಂದ ಫಾಸ್ಟ್ ಆಯ್ತು ಅಂತ ಅಕ್ಕ ಈಗಲೂ ಆಡ್ಕೋತಾಳೆ.

ಮುಂದಿನ ಸಲ ಊರಿಂದ ಫೋನ್ ಬಂದಾಗ "ಕಳಿಸ್ತೀನಿ" ಅನ್ನೋ ಮುಂಚೆ ಮೂರು ಫೋಟೋ ಕೇಳಿ: ಟಾಸ್ಕ್ ಮ್ಯಾನೇಜರ್‌ನದು, ಹಳೇ ಕಡ್ಡಿಯ ಚೀಟಿಯದು, ಬೋರ್ಡಿನ ಹೆಸರಿನದು. ಐದು ನಿಮಿಷದ ಕೆಲಸ. ನಿಮ್ಮ ಮಷೀನಿನ ಬೋರ್ಡ್ ಹೆಸರು ಬರೆದು ಕೇಳಿದ್ರೆ ನನಗೆ ತಿಳಿದಷ್ಟು ಹೇಳ್ತೀನಿ. ಮುಂದಿನ ವಾರ ಎಸ್‌ಎಸ್‌ಡಿಗೆ ವಿಂಡೋಸ್ ದಾಟಿಸೋದು ಹೇಗೆ ಅಂತ ಮಾತಾಡೋಣ.